ಕಾಲು ಕಿಲೋ ಬೇಳೆ ಕೇಳಬಾರದೇ?

ಗೆಳತಿಯರೇ, ನಿಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಈಗಲೂ ಕಾಲು ಕಿಲೋ ತೊಗರಿಬೇಳೆ ತೂಗಿ ಪೊಟ್ಟಣ ಕಟ್ಟಿಕೊಡುತ್ತಾರಾ? ನಮ್ಮಲ್ಲಿ ಅದು ನಿಂತೇಹೋಯಿತು. ಯಜಮಾನರ ಮಗ ಗಲ್ಲಾದ ಮುಂದೆ ಕೂತ ಮೇಲೆ ಚೀಲಗಳೆಲ್ಲ ಮಾಯ. ಬೇಳೆ, ಹುರಿಗಡಲೆ, ಕೊನೆಗೆ ಸಾಸಿವೆ ಕೂಡ ಪ್ಯಾಕೆಟ್ಟಿನಲ್ಲೇ! "ತೂಗೋಕೆ ಆಳು ಸಿಗಲ್ಲ ಅಕ್ಕಾ" ಅಂತಾನೆ. ಅವನ ಕಷ್ಟ ಅವನಿಗೆ, ಒಪ್ಪೋಣ. ಆದರೆ ತಿಂಗಳ ಕೊನೆಗೆ ಕೈಯಲ್ಲಿ 50 ರೂಪಾಯಿ ಉಳಿದವಳು ಅರ್ಧ ಕಿಲೋ ಪ್ಯಾಕೆಟ್ ಹೇಗೆ ಕೊಂಡಾಳು? ಉದ್ರಿ ಪುಸ್ತಕವನ್ನೂ ಮುಚ್ಚಿಬಿಟ್ಟಿದ್ದಾನೆ.

ಪ್ಯಾಕೆಟ್ ಕೊಳ್ಳಲೇಬೇಕಾದರೆ ತಿರುಗಿಸಿ ಓದಿ. ಅರ್ಧ ಕಿಲೋದಂತೆ ಕಾಣುವುದು 450 ಗ್ರಾಂ ಇದ್ದೀತು. ಕಿಲೋಗಿಂತ ಚಿಕ್ಕ ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆಷ್ಟು ಎಂದೂ ಈಗ ಮುದ್ರಿಸಬೇಕು. 18 ಪೈಸೆ ಎಂದಿದ್ದರೆ ಕಿಲೋಗೆ 180 ರೂಪಾಯಿ ಬಿತ್ತು ಎಂದು ಲೆಕ್ಕ. ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ಒಂದು ಪೈಸೆಯನ್ನೂ ಕೊಡಬೇಡಿ. ಜಗ್ಗಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ.

ನೆರೆಮನೆಯವರ ಜೊತೆ ಪ್ಯಾಕೆಟ್ ಹಂಚಿಕೊಳ್ಳಬಹುದು. ನಾನಂತೂ ವಾರದ ಸಂತೆಗೇ ಹೋಗುತ್ತೇನೆ. ಅಲ್ಲಿ ಕಾಲು ಕಿಲೋ ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ, ಮೇಲೊಂದು ಹಿಡಿ ಕೊಸರೂ ಹಾಕುತ್ತಾರೆ.