ಎರಡನೆಯ ಹೃದಯಕ್ಕೊಂದು ಕಾಲುಚೀಲ

ಮಕ್ಕಳೇ, ಹೃದಯ ಎಲ್ಲಿದೆ ಎಂದು ಕೇಳಿದರೆ ಎದೆಯ ಮೇಲೆ ಕೈ ಇಡುತ್ತೀರಿ. ಸರಿ. ಈಗ ಮೊಣಕಾಲಿನ ಕೆಳಗೆ, ಹಿಂಬದಿಯ ಮೀನಖಂಡವನ್ನು ಮುಟ್ಟಿ ನೋಡಿ. ವೈದ್ಯರು ಅದನ್ನು ‘ಎರಡನೆಯ ಹೃದಯ’ ಎನ್ನುವುದುಂಟು.

ಬ್ಯಾಂಕಿನಲ್ಲಿ ಲೆಕ್ಕ ಬರೆದೇ ತಲೆ ನರೆತ ನನಗೆ ಎಲ್ಲವೂ ಜಮಾ-ಖರ್ಚಾಗಿಯೇ ಕಾಣುತ್ತದೆ. ಹೃದಯದಿಂದ ಹೊರಟ ರಕ್ತ ಹೃದಯಕ್ಕೇ ವಾಪಸು ಜಮಾ ಆಗಬೇಕು. ಕೆಳಗಿಳಿಯುವುದು ಸುಲಭ, ಪಾದದಿಂದ ಎದೆಗೆ ಹತ್ತುವುದು ಕಷ್ಟ. ಅದಕ್ಕೆಂದೇ ಕಾಲಿನ ಅಭಿಧಮನಿಗಳಲ್ಲಿ ಪುಟ್ಟ ಕವಾಟಗಳಿವೆ. ನಾವು ನಡೆಯುವಾಗ ಮೀನಖಂಡ ನಾಳವನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಕವಾಟ ಮುಚ್ಚಿಕೊಂಡು ಅದು ಕೆಳಗೆ ಜಾರದಂತೆ ತಡೆಯುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರ ತಮ್ಮ ಪುಸ್ತಕದಲ್ಲಿ ರಕ್ತ ದೇಹವನ್ನು ಸುತ್ತಿ ಬರುತ್ತದೆ ಎಂದು ತೋರಿಸಿದಾಗ, ಈ ಕವಾಟಗಳನ್ನೂ ಸಾಕ್ಷಿಯಾಗಿ ಕೊಟ್ಟಿದ್ದರು.

ವಯಸ್ಸಾದಂತೆ ಕೆಲವರಲ್ಲಿ ಕವಾಟಗಳು ಸಡಿಲವಾಗುತ್ತವೆ. ದಿನವಿಡೀ ನಿಂತು ದುಡಿದವರಿಗೆ ಈ ತೊಂದರೆ ಹೆಚ್ಚು. ರಕ್ತ ಕೆಳಗೇ ಬಾಕಿ ಉಳಿಯುತ್ತದೆ. ಸಂಜೆಗೆ ಪಾದ ಊದಿ, ನಾಳಗಳು ಹಗ್ಗದಂತೆ ಉಬ್ಬುತ್ತವೆ. ಆಗ ವೈದ್ಯರು ಒತ್ತಡದ ಕಾಲುಚೀಲ ಬರೆದುಕೊಡುತ್ತಾರೆ. ಅದು ಕಾಲಿನ ಹರಡಿನ ಬಳಿ ಹೆಚ್ಚು ಬಿಗಿ, ಮೇಲೇರಿದಂತೆ ಸಡಿಲ.

ಏಕೆ ಹಾಗೆ? ಅಮೆರಿಕದಲ್ಲಿದ್ದ ಎಂಜಿನಿಯರ್ ಕಾನ್ರಾಡ್ ಜೋಬ್‌ಸ್ಟ್ ಅವರಿಗೇ ಈ ಕಾಲುಬೇನೆ ಇತ್ತು. ಈಜುಕೊಳದ ನೀರಿನಲ್ಲಿ ನಿಂತಾಗ ಅವರಿಗೆ ಹಾಯೆನಿಸುತ್ತಿತ್ತಂತೆ. ಬಾಟಲಿಗೆ ಮೇಲೆ ಕೆಳಗೆ ತೂತು ಕೊರೆದು ನೀರು ತುಂಬಿ ನೋಡಿ, ಕೆಳಗಿನ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತದೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. 1950ರ ಆಸುಪಾಸಿನಲ್ಲಿ ಜೋಬ್‌ಸ್ಟ್ ಅದೇ ಸೂತ್ರವನ್ನು ಕಾಲುಚೀಲಕ್ಕೆ ಇಳಿಸಿದರು.

ಇನ್ನು ಅಜ್ಜ-ಅಜ್ಜಿಯರಿಗೆ ಒಂದು ಮಾತು. ಪಕ್ಕದ ಮನೆಯವರಿಗೆ ಒಗ್ಗಿತೆಂದು ಅಂಗಡಿಯಿಂದ ನೀವಾಗಿಯೇ ತಂದು ಹಾಕಿಕೊಳ್ಳಬೇಡಿ. ಕಾಲಿಗೆ ರಕ್ತ ತರುವ ಅಪಧಮನಿಯೇ ಕಿರಿದಾಗಿದ್ದರೆ, ಮೇಲಿನಿಂದ ಬಿಗಿದಾಗ ಪಾದಕ್ಕೆ ರಕ್ತವೇ ಸಾಲದೆ ಹುಣ್ಣಾಗಬಹುದು, ಪಾದಕ್ಕೇ ಅಪಾಯ ಬರಬಹುದು. ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು, ನಡೆದರೆ ಮೀನಖಂಡ ಹಿಡಿದುಕೊಳ್ಳುವವರು ಮೊದಲು ವೈದ್ಯರಿಂದ ಪಾದದ ನಾಡಿ ಪರೀಕ್ಷೆ ಮಾಡಿಸಲೇಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಚೀಲದ ಮಾತು ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು.

ವೈದ್ಯರು ಒಪ್ಪಿದರೆ, ಅಳತೆ ಕೊಟ್ಟೇ ಕೊಳ್ಳಿ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ, ಪಾದ ಊದುವುದಕ್ಕೆ ಮೊದಲೇ ಹಾಕಿಕೊಳ್ಳಿ. ಬೇರೆ ಹೇಳದಿದ್ದರೆ ರಾತ್ರಿ ಮಲಗುವಾಗ ತೆಗೆಯಿರಿ. ಮೇಲಂಚನ್ನು ಮಡಚಬೇಡಿ, ಮಡಚಿದ ಜಾಗ ದಾರ ಕಟ್ಟಿದಂತೆ ಬಿಗಿಯುತ್ತದೆ.

ಮಕ್ಕಳೇ, ನಿಮಗೂ ಕೆಲಸವಿದೆ. ಬಗ್ಗಲಾರದ ಅಜ್ಜಿಗೆ ಈ ಚೀಲ ಏರಿಸುವುದು ದೊಡ್ಡ ಸಾಹಸ. ಹಿಮ್ಮಡಿಯವರೆಗೆ ಚೀಲವನ್ನು ಒಳಮಗ್ಗುಲು ಮಾಡಿ, ಪಾದ ತೂರಿಸಿ, ಸುಕ್ಕಿಲ್ಲದಂತೆ ನಿಧಾನವಾಗಿ ಮೇಲಕ್ಕೆಳೆಯಿರಿ. ರಾತ್ರಿ ತೆಗೆದ ಮೇಲೆ ಬೆರಳುಗಳ ಸಂದಿ, ಹಿಮ್ಮಡಿ ನೋಡಿ. ಕೆಂಪು, ಗುಳ್ಳೆ, ಗಾಯ ಕಂಡರೆ ಕೂಡಲೇ ಮನೆಯವರಿಗೆ ಹೇಳಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಗಾಯವಾದದ್ದು ಅಜ್ಜಿಗೆ ತಿಳಿಯುವುದೇ ಇಲ್ಲ. ಅಲ್ಲಿ ನಿಮ್ಮ ಕಣ್ಣೇ ಅವರ ಕಣ್ಣು.