ಚರ್ಮಕ್ಕೂ ಬೇಕು ಹೊದಿಕೆ: ಮನೆಯ ಮುಲಾಮು, ಹೊಲದ ಕುಸುಬೆ

ದೀಪಾವಳಿ ಕಳೆದು ಮೂಡಣದ ಒಣಗಾಳಿ ಬೀಸತೊಡಗಿದೊಡನೆ ನಮ್ಮ ಶಹಾಪುರ–ಸುರಪುರ ಸೀಮೆಯ ಜನರ ಮೈಮೇಲೆ ಋತುವಿನ ಗುರುತು ಮೂಡುತ್ತದೆ. ಮೊಣಕೈಯ ಮೇಲೆ ಉಗುರು ಎಳೆದರೆ ಬಿಳಿಯ ಗೆರೆ ಬೀಳುತ್ತದೆ, ತುಟಿ ಒಡೆಯುತ್ತದೆ, ಹಿಮ್ಮಡ ಬಿರಿಯುತ್ತದೆ. ಭತ್ತದ ಕೆಸರಿನಲ್ಲಿ ನಿಂತು ನಾಟಿ ಮಾಡಿದ, ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಹೆಣ್ಣುಮಕ್ಕಳಿಗೆ ಇದು ಅಂದಚೆಂದದ ಪ್ರಶ್ನೆಯಲ್ಲ. ಬಿರಿದ ಅಂಗೈಗೆ ಮೆಣಸಿನಕಾಯಿಯ ಖಾರ ಸೋಕಿದ ರಾತ್ರಿ ಅವರಿಗೆ ನಿದ್ದೆಯೇ ಬರುವುದಿಲ್ಲ.

ಈ ಕಾಲಕ್ಕೆ ಸರಿಯಾಗಿ ಸಂತೆಯ ಅಂಗಡಿಗಳಲ್ಲಿ ಲೋಷನ್ನಿನ ಪುಟ್ಟ ಚೀಟುಗಳ ಮಾಲೆ ತೂಗಾಡುತ್ತದೆ. ಹೆಚ್ಚಿನವುಗಳ ಮೇಲೆ ಎಲೆಯ ಚಿತ್ರ, ‘ಹರ್ಬಲ್’ ಎಂಬ ಮಾತು. ಬಳಸಿ ಎಸೆದ ಚೀಟು ಕಾಲುವೆಯ ತೂಬಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇದನ್ನು ಕಂಡ ವಿದ್ಯಾರ್ಥಿಗಳು, “ಗುಡ್ಡದ ತುಂಬ ಮೂಲಿಕೆಗಳಿರುವಾಗ ನಾವೇ ಮನೆಯಲ್ಲಿ ಲೋಷನ್ ಮಾಡಿಕೊಳ್ಳಬಾರದೇಕೆ?” ಎಂದು ಆಗಾಗ ಕೇಳುತ್ತಾರೆ. ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು ಎಂಬುದೇ ನನ್ನ ಉತ್ತರ. ಆದರೆ ಅದರಲ್ಲಿ ನೀರಿರಕೂಡದು. ಅದರ ಮೂಲದ್ರವ್ಯ ಗುಡ್ಡದಿಂದಲ್ಲ, ಹೊಲದಿಂದ ಬರಬೇಕು. ಈ ಎರಡು ಮಾತುಗಳನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಒಕ್ಕಲುತನ ಬಲ್ಲವರಿಗೆ ಚರ್ಮದ ವಿಜ್ಞಾನ ಕಷ್ಟವೇನಲ್ಲ. ಹಿಂಗಾರಿ ಜೋಳ ನಿಂತ ಎರೆಹೊಲದಲ್ಲಿ ನೆಲ ಬಿರಿಯತೊಡಗಿದಾಗ ನಮ್ಮ ಹಿರಿಯರು ನೀರು ಹೊತ್ತು ಸುರಿಯಲಿಲ್ಲ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿದರು. ಒಳಗಿರುವ ಹಸಿ ಆವಿಯಾಗದಂತೆ ಮೇಲ್ಮಣ್ಣನ್ನೇ ಹೊದಿಕೆಯಾಗಿಸಿದರು. ಚರ್ಮದ ಕತೆಯೂ ಅದೇ. ನಮ್ಮ ಚರ್ಮದ ಅತಿ ಹೊರಗಿನ ಪದರವು ಮೈಯ ಬಹುಭಾಗದಲ್ಲಿ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ದಪ್ಪವೂ ಇರುವುದಿಲ್ಲ. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಣೆಯಾಗಿ, ಅವುಗಳ ನಡುವೆ ಸೆರಾಮೈಡ್, ಕೊಲೆಸ್ಟೆರಾಲ್ ಹಾಗೂ ಕೊಬ್ಬಿನಾಮ್ಲಗಳು ಗಾರೆಯಂತೆ ಕೂಡಿರುತ್ತವೆ. ಗಾರೆ ಗಟ್ಟಿಯಾಗಿದ್ದರೆ ದೇಹದೊಳಗಿನ ನೀರು ಹೊರಗೆ ಸೋರದು. ಒಣಗಾಳಿ, ಬಿಸಿನೀರು, ಬಟ್ಟೆ ಸಾಬೂನು ಇವು ಗಾರೆಯನ್ನು ಕರಗಿಸುತ್ತವೆ. ಚರ್ಮದ ಸಹಜ ಗುಣ ತುಸು ಆಮ್ಲೀಯ, ರಸಸಾರ 5ರ ಆಸುಪಾಸು. ಸಾಬೂನಿನದು 9ರಿಂದ 10. ಅಂಗೈ, ಅಂಗಾಲುಗಳಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳೇ ಇಲ್ಲ; ಮೊದಲು ಬಿರಿಯುವುದು ಅವೇ ಆಗಲು ಇದೂ ಒಂದು ಕಾರಣ. ಆದ್ದರಿಂದ ಚರ್ಮಕ್ಕೆ ತೇವ ಕೊಡುವುದೆಂದರೆ ಹೊರಗಿನಿಂದ ನೀರು ತುಂಬುವುದಲ್ಲ, ಇರುವ ನೀರನ್ನು ಹೋಗಗೊಡದಿರುವುದು.

ಹಾಗಾದರೆ ಲೋಷನ್ ಎಂದರೇನು? ನೀರು ಮತ್ತು ಎಣ್ಣೆಯನ್ನು ಬೆರೆತಿರುವಂತೆ ಹಿಡಿದಿಡುವ ಒಂದು ದ್ರವ್ಯ ಸೇರಿಸಿ ಕಡೆದ ಮಿಶ್ರಣ. ಅದರಲ್ಲಿ ಬಹುಪಾಲು ನೀರೇ. ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ; ಅದಕ್ಕಾಗಿಯೇ ಕಾರ್ಖಾನೆಯವರು ಕೆಡದಂತೆ ಕಾಯುವ ರಾಸಾಯನಿಕ ಸೇರಿಸುತ್ತಾರೆ. ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ವಿದ್ಯಾರ್ಥಿಯಾಗಿದ್ದಾಗ ಲೋಳೆಸರದ ತಿರುಳು, ಕೊಬ್ಬರಿ ಎಣ್ಣೆ, ಗುಲಾಬಿ ನೀರು ಕಡೆದು ಬೆಣ್ಣೆಯಂಥ ಲೋಷನ್ ಮಾಡಿ, ಹೆಮ್ಮೆಯಿಂದ ಓಣಿಯ ನಾಲ್ಕಾರು ಮನೆಗಳಿಗೆ ಹಂಚಿದ್ದೆ. ವಾರ ಕಳೆಯುವಷ್ಟರಲ್ಲಿ ನನ್ನ ಡಬ್ಬಿಯಲ್ಲಿ ಬೂದುಬಣ್ಣದ ಬೂಷ್ಟು ಕಂಡಿತು. ಓಡಿಹೋಗಿ ಉಳಿದ ಡಬ್ಬಿಗಳನ್ನು ಹಿಂದಕ್ಕೆ ಪಡೆದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಅದನ್ನು ಬಿರಿದ ಹಿಮ್ಮಡಕ್ಕೆ ಎರಡು ದಿನ ಸವರಿಕೊಂಡಿದ್ದರು. ಅವರಿಗೆ ಕೆಡುಕಾಗಲಿಲ್ಲ ಎಂಬುದು ನನ್ನ ಪುಣ್ಯ. ಬೂಷ್ಟು ಕಣ್ಣಿಗೆ ಬಿತ್ತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೆಳೆದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬಿರುಕು ಬಿಟ್ಟ ಚರ್ಮವೆಂದರೆ ತೆರೆದ ಬಾಗಿಲು ಎಂಬ ಅರಿವು ನನಗಾದುದು ಅಂದು.

‘ಗಿಡಮೂಲಿಕೆ, ಆದ್ದರಿಂದ ನಿರಪಾಯ’ ಎಂಬ ನಂಬಿಕೆಯನ್ನೂ ನಾವು ಪರೀಕ್ಷಿಸಬೇಕು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕೇರುಬೀಜವೂ ಗಿಡದ್ದೇ. ಅದರ ರಸ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಲೋಳೆಸರವನ್ನು ಕೊಯ್ದೊಡನೆ ಸಿಪ್ಪೆಯಡಿಯಿಂದ ಇಳಿಯುವ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಎಲೆಯನ್ನು ಓರೆಯಾಗಿ ನಿಲ್ಲಿಸಿ ಅದನ್ನು ಬಸಿದ ಬಳಿಕವೇ ತಿರುಳು ತೆಗೆಯಬೇಕು, ಅಂದಿನದನ್ನು ಅಂದೇ ಬಳಸಬೇಕು.

ಇನ್ನು ಎಣ್ಣೆಯ ವಿಚಾರ. ಎಲ್ಲ ಎಣ್ಣೆಯೂ ಚರ್ಮಕ್ಕೆ ಒಂದೇ ಅಲ್ಲ. ಮೇಲೆ ಹೇಳಿದ ಗಾರೆಯ ರಚನೆಗೆ ಲಿನೋಲಿಕ್ ಆಮ್ಲ ಅತ್ಯಗತ್ಯ. ನಮ್ಮ ದೇಹ ಅದನ್ನು ತಾನಾಗಿ ತಯಾರಿಸಲಾರದು. ಈ ಆಮ್ಲ ಹೇರಳವಾಗಿರುವ ಸೂರ್ಯಕಾಂತಿ ಎಣ್ಣೆಯನ್ನು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೈಗೆ ಸವರಿ ಢಾಕಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಅಧ್ಯಯನ ನಡೆಸಲಾಯಿತು. ಅಂಥ ಶಿಶುಗಳಲ್ಲಿ ಆಸ್ಪತ್ರೆಯ ಸೋಂಕು ಶೇ. 41ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಒಲಿಕ್ ಆಮ್ಲ ಹೆಚ್ಚಿರುವ ಆಲಿವ್ ಎಣ್ಣೆಯಾದರೋ ಚರ್ಮದ ತಡೆಗೋಡೆಯನ್ನು ಸಡಿಲಗೊಳಿಸುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಂಡುಬಂದಿತು. ದೂರದೇಶದ ದುಬಾರಿ ಎಣ್ಣೆಯೇ ಶ್ರೇಷ್ಠವೆಂಬ ಭ್ರಮೆಗೆ ಇದು ಉತ್ತರ.

ಲಿನೋಲಿಕ್ ಆಮ್ಲದಲ್ಲಿ ಸೂರ್ಯಕಾಂತಿಯನ್ನೂ ಮೀರಿಸುವ ಎಣ್ಣೆ ನಮ್ಮದೇ ಕುಸುಬೆಯದು. ಸಾಂಪ್ರದಾಯಿಕ ತಳಿಗಳಲ್ಲಿ ಅದರ ಪ್ರಮಾಣ ಶೇ. 70ಕ್ಕೂ ಮಿಗಿಲು. ಜೋಳದ ಹೊಲದ ಅಂಚಿಗೆ ಎರಡು-ಮೂರು ಸಾಲು ಕುಸುಬೆ ಬಿತ್ತಿದರೆ ಅದರ ಮುಳ್ಳು ದನಗಳಿಗೆ ಬೇಲಿ, ಬೀಜ ಮನೆಗೆ ಎಣ್ಣೆ. ತಾಯಿಬೇರನ್ನು ಆಳಕ್ಕಿಳಿಸಿ, ಮಳೆ ನಿಂತ ಮೇಲೂ ನೆಲದ ಹಸಿಯನ್ನೇ ಹೀರಿ ಬೆಳೆಯುವ ಈ ಗಿಡಕ್ಕೆ ಕಾಲುವೆಯ ಹಂಗಿಲ್ಲ; ನೀರು ನಿಂತರೆ ಮಾತ್ರ ಅದು ಬಾಳದು.

ಆ ಕುಸುಬೆ ಇಂದು ಎಲ್ಲಿದೆ? ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದುದು 1964ರಲ್ಲಿ. ನಾರಾಯಣಪುರದ ಬಸವಸಾಗರದಿಂದ ಕಾಲುವೆಗಳು ಹರಿದು ಬಂದಾಗ ಈ ಬರಡುಸೀಮೆ ಹಸಿರಾಯಿತು. ಅದರ ಉಪಕಾರವನ್ನು ಮರೆಯಲಾಗದು. ಅಚ್ಚುಕಟ್ಟು ಪ್ರಾಧಿಕಾರದ ಕಚೇರಿಯೂ ಕೃಷಿ ಮಹಾವಿದ್ಯಾಲಯವೂ ಇರುವ ನಮ್ಮ ಭೀಮರಾಯನಗುಡಿ ಈ ಬದಲಾವಣೆಯ ನಡುಮನೆಯಲ್ಲೇ ಇದೆ. ಆದರೆ ಹಗುರ ನೀರಾವರಿಯ ಬೆಳೆಗಳಿಗೆಂದು ರೂಪಿಸಿದ ಯೋಜನೆಯಲ್ಲಿ ಭತ್ತ ಹರಡಿತು. ತಗ್ಗಿನ ಹೊಲಗಳು ಜವಳಾದವು, ಕೆಲವೆಡೆ ಸವಳಾದವು. ಕುಸುಬೆ, ಅಗಸೆಗಳು ಹಿಂದೆ ಸರಿದವು. ಮುಳ್ಳಿನ ಕಟಾವಿಗೆ ಆಳು ಸಿಗದಿರುವುದು, ಹೇನಿನ ಕಾಟ, ಭರವಸೆಯಿಲ್ಲದ ಬೆಲೆ ಇವೂ ಕುಸುಬೆಯನ್ನು ಹೊರದೂಡಿದವು. ದೇಶವಿಂದು ತನ್ನ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿದೆ. ಅದರಲ್ಲಿ ದೊಡ್ಡ ಪಾಲು ತಾಳೆ ಎಣ್ಣೆ. ಸಾಬೂನು, ಲೋಷನ್ನುಗಳ ಒಳಗೂ ತಾಳೆಯ ಅಂಶಗಳು ಧಾರಾಳವಾಗಿವೆ. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಆ ತೋಟಗಳಿಗಾಗಿ ಅಪಾರ ಮಳೆಕಾಡು ಅಳಿದಿದೆ. ನಮ್ಮ ಹಿಮ್ಮಡದ ಬಿರುಕಿಗೂ ಆ ಕಾಡಿಗೂ ಇರುವ ನಂಟು ಇದು.

ಈಗ ಮುಲಾಮಿನ ವಿಧಾನ. ಗಾಣದ ಕುಸುಬೆ ಎಣ್ಣೆ 75 ಗ್ರಾಂ, ಕೊಬ್ಬರಿ ಎಣ್ಣೆ 25 ಗ್ರಾಂ, ಶೋಧಿಸಿದ ಜೇನುಮೇಣ 15 ಗ್ರಾಂ. ಕಡುಬೇಸಿಗೆಯಲ್ಲಿ ಮೇಣವನ್ನು 20 ಗ್ರಾಮಿಗೆ ಏರಿಸಿದರೆ ಮುಲಾಮು ಕರಗಿ ಹರಿಯದು. ಪರಿಮಳ ಬೇಕೆನ್ನುವವರು ಚೆನ್ನಾಗಿ ಒಣಗಿದ ಲಾವಂಚದ ಬೇರನ್ನು ಚೂರು ಮಾಡಿ ಎರಡು ವಾರ ಎಣ್ಣೆಯಲ್ಲಿ ನೆನೆಸಿ, ನೆರಳಿನಲ್ಲಿಟ್ಟು, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಹಸಿ ಬೇರು, ಹಸಿ ಎಲೆ ಕೂಡದು. ಅವುಗಳೊಡನೆ ನೀರು ಒಳಸೇರುತ್ತದೆ. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಪಾತ್ರೆಯಿಟ್ಟು ಎಣ್ಣೆ ಮತ್ತು ಮೇಣ ಹಾಕಬೇಕು. ಮೇಣ ಸುಮಾರು 62ರಿಂದ 65 ಡಿಗ್ರಿಯಲ್ಲಿ ಕರಗುತ್ತದೆ. ನೇರ ಉರಿಯ ಮೇಲೆ ಇಡಲೇಬಾರದು. ಕರಗಿದೊಡನೆ ಇಳಿಸಿ, ಆರುವವರೆಗೆ ಕದಡಿ, ಕುದಿಸಿ ಪೂರ್ತಿ ಒಣಗಿಸಿದ ಗಾಜಿನ ಡಬ್ಬಿಗೆ ತುಂಬಬೇಕು. ಕುಸುಬೆ ಎಣ್ಣೆ ಗಾಳಿ-ಬೆಳಕಿಗೆ ಬೇಗ ಕಮಟುತ್ತದೆ. ಆದ್ದರಿಂದ ಎರಡು ತಿಂಗಳಿಗೆ ಸಾಲುವಷ್ಟನ್ನೇ ಮಾಡಿ, ಕತ್ತಲಲ್ಲಿ ಇಡಬೇಕು. ಕಮಟು ವಾಸನೆ ಬಂದರೆ ಚೆಲ್ಲಬೇಕು. ಒದ್ದೆ ಬೆರಳನ್ನು ಡಬ್ಬಿಯೊಳಗೆ ಅದ್ದಕೂಡದು.

ನಿತ್ಯದ ಬಳಕೆಯಲ್ಲಿ ಒಂದೇ ಗುಟ್ಟು. ಸ್ನಾನ ಮುಗಿಸಿ ಮೈಯನ್ನು ಒತ್ತಿ ಒರೆಸಿಕೊಂಡು, ಇನ್ನೂ ಪಸೆ ಇರುವಾಗಲೇ ತೆಳುವಾಗಿ ಸವರಬೇಕು. ಮುಲಾಮಿನಲ್ಲಿ ಇಲ್ಲದ ನೀರು ಚರ್ಮದ ಮೇಲಿರುತ್ತದೆ. ಮುಲಾಮು ಅದರ ಹೊದಿಕೆಯಾಗುತ್ತದೆ. ಕೆಲಸದಿಂದ ಬಂದವರು ರಾತ್ರಿ ಕಾಲು ತೊಳೆದು, ಹಿಮ್ಮಡಕ್ಕೆ ಹಚ್ಚಿ ಹಳೆಯ ಬಟ್ಟೆ ಸುತ್ತಿ ಮಲಗಬಹುದು. ಮೊದಲ ಸಲ ಹಚ್ಚುವವರು ಮೊಣಕೈಯ ಒಳಮಡಿಕೆಗೆ ಚೂರು ಸವರಿ ಎರಡು ದಿನ ನೋಡಬೇಕು. ಕೀವಾದ ಗಾಯಕ್ಕೆ ಇದು ಮದ್ದಲ್ಲ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ, ಸಕ್ಕರೆ ಕಾಯಿಲೆಯವರ ಕಾಲು ಬಿರಿದರೆ, ಡಬ್ಬಿ ಮುಚ್ಚಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಗುಡ್ಡದ ಬಗ್ಗೆ ಒಂದು ಮಾತು. ಮೂಲಿಕೆಗೆ ಬೆಲೆ ಬಂದೊಡನೆ ಗುಡ್ಡಕ್ಕೆ ಗುದ್ದಲಿ ಬೀಳುತ್ತದೆ. ಲಾವಂಚವನ್ನು ಹಳ್ಳದ ದಂಡೆಯಿಂದ ಕಿತ್ತರೆ ದಂಡೆಯೇ ಕುಸಿಯುತ್ತದೆ. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಬದುಗಳ ಮೇಲೆ ಲಾವಂಚ ಬೆಳೆಸಿ ಮಣ್ಣು ಹಿಡಿದಿಟ್ಟಿದ್ದಾರೆ. ನಾವೂ ಬದುವಿಗೊಂದು ಸಾಲು ಹಚ್ಚೋಣ. ಬೇರಿಗೆಂದೇ ಹಿತ್ತಿಲಲ್ಲಿ ಬೇರೆ ನಾಲ್ಕು ಬುಡ ಇಡೋಣ. ಮೇಣಕ್ಕಾಗಿ ಬಂಡೆಯ ಹೆಜ್ಜೇನಿಗೆ ಬೆಂಕಿ ಹಿಡಿಯುವುದು ಬೇಡ. ಜೇನು ಸಾಕುವವರ ಬಳಿ ತುಪ್ಪ ತೆಗೆದ ಹಳೆಯ ಹಲ್ಲೆ ಸಿಗುತ್ತದೆ. ಕುಸುಬೆ ಹೂಬಿಟ್ಟರೆ ಆ ಜೇನಿಗೂ ಮೇವು.

“ಅಗ್ಗದ ಪೆಟ್ರೋಲಿಯಂ ಜೆಲ್ಲಿ ಇರುವಾಗ ಇಷ್ಟೆಲ್ಲ ಏಕೆ?” ಎಂದು ಕೇಳುವವರಿದ್ದಾರೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಆವಿ ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಶುದ್ಧೀಕರಿಸಿದ ಜೆಲ್ಲಿ ವಿಷವೂ ಅಲ್ಲ. ಕೈ ಬಿರಿದು ರಕ್ತ ಜಿನುಗುವಾಗ ಸಿಕ್ಕಿದ್ದನ್ನು ಹಚ್ಚಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಜೆಲ್ಲಿಯ ಡಬ್ಬಿ ನಮ್ಮ ಹೊಲದಲ್ಲಿ ಏನನ್ನೂ ಬೆಳೆಸದು, ಗಾಣದವನಿಗೆ ಕೆಲಸ ಕೊಡದು, ಒಂದು ಜೇನಿಗೂ ಹೂವು ಒದಗಿಸದು. ಕುಸುಬೆಯ ಮುಲಾಮು ಇವನ್ನೆಲ್ಲ ಮಾಡೀತು.

ಹತ್ತು ಮನೆಯ ಮುಲಾಮಿನಿಂದ ಬೆಳೆಪದ್ಧತಿ ಬದಲಾಗದೆಂದು ನಾನು ಬಲ್ಲೆ. ಅದಕ್ಕೆ ಬೆಲೆ ಬೇಕು, ಮುಳ್ಳಿಲ್ಲದ ತಳಿಯ ಬೀಜ ಬೇಕು, ಊರಿಗೊಂದು ಗಾಣ ಬೇಕು. ಇವನ್ನು ಗ್ರಾಮಸಭೆಯಲ್ಲಿ ಕೇಳುವ ದನಿ ಬೇಕು. ಆದರೆ ಕೇಳುವವರ ಮನೆಯಲ್ಲಿ ಮೊದಲು ಆ ಎಣ್ಣೆಯ ಬಳಕೆ ಇರಬೇಕು. ಬರುವ ಹಿಂಗಾರಿಗೆ, ಕಾಲುವೆ ಮುಟ್ಟದ ನಿಮ್ಮ ಮೇಲುಹೊಲದ ಜೋಳದ ಸುತ್ತ ಎರಡು ಸಾಲು ಕುಸುಬೆ ಬಿತ್ತಿ ನೋಡಿ. ಮುಂದಿನ ಚಳಿಗಾಲದಲ್ಲಿ ಮೆಣಸಿನಕಾಯಿ ಹರಿದು ಬಂದ ತಾಯಿಯ ಅಂಗೈಗೆ ಹಚ್ಚಲು ಹೊಲದ್ದೇ ಎಣ್ಣೆ ಮನೆಯಲ್ಲಿರುತ್ತದೆ.