ದಾಖಲೆಗಳಿಗೂ ಏಕೀಕರಣ ಬೇಕು

ಕೆಲವು ತಿಂಗಳ ಹಿಂದೆ ಗೆಳೆಯನೊಬ್ಬನನ್ನು ಕಾಣಲು ಬೇರೊಂದು ಊರಿನ ಕಾಲೇಜಿಗೆ ಹೋಗಿದ್ದೆ. ಅಲ್ಲಿಯ ಪ್ರಾಣಿಶಾಸ್ತ್ರದ ಕೊಠಡಿಯಲ್ಲಿ ಒಂದು ಗಾಜಿನ ಬೀರು. ಬೀರುವಿನಲ್ಲಿ ಜಾಡಿಗಳ ಸಾಲು. ಒಂದು ಜಾಡಿಯಲ್ಲಿ ಸುರುಳಿ ಸುತ್ತಿದ ಹಾವೊಂದಿತ್ತು. ಚೀಟಿಯ ಮಸಿ ಮಾಸಿ ಹೋಗಿ "ಮೈ" ಎಂಬ ಒಂದಕ್ಷರ ಮಾತ್ರ ಉಳಿದಿತ್ತು. ಇದು ಎಲ್ಲಿಯ ಹಾವು, ಯಾವಾಗ ಹಿಡಿದದ್ದು ಎಂದು ಕೇಳಿದೆ. "ರಿಜಿಸ್ಟರಿನಲ್ಲಿ ಬರೆದಿದ್ದೀತು, ಆದರೆ ರಿಜಿಸ್ಟರು ಎಲ್ಲಿದೆಯೋ ತಿಳಿಯದು" ಎಂಬ ಉತ್ತರ ಬಂತು. ಎಲ್ಲರೂ ನಕ್ಕೆವು. ಹಿಂದಿರುಗುವ ಬಸ್ಸಿನಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಊರಿಲ್ಲದ, ತಾರೀಖಿಲ್ಲದ ಆ ಹಾವು ಇನ್ನು ಯಾರಿಗೂ ಏನನ್ನೂ ಹೇಳಲಾರದು.

ಕಲಾ ವಿಭಾಗದ ವಿದ್ಯಾರ್ಥಿಗೆ ಹಾವಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಾವಿನದಲ್ಲ, ನನ್ನದು ಚೀಟಿಯ ಗೊಡವೆ. ವಸ್ತುಸಂಗ್ರಹಾಲಯದ ಮಾದರಿಗೆ ಬೆಲೆ ಬರುವುದು ಅದನ್ನು ಎಲ್ಲಿ, ಎಂದು, ಯಾರು ಸಂಗ್ರಹಿಸಿದರೆಂಬ ಬರಹದಿಂದ. ಇಂಗ್ಲೆಂಡಿನಲ್ಲಿ ಡೇಗೆಯ ಜಾತಿಯ ಹಕ್ಕಿಗಳ ಮೊಟ್ಟೆಗಳು ಗೂಡಿನಲ್ಲೇ ಒಡೆಯತೊಡಗಿದಾಗ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಮೊಟ್ಟೆ ಸಂಗ್ರಹಗಳನ್ನು ತೂಗಿ ನೋಡಿದರು. 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತ ಬಂದಿದೆ ಎಂಬುದನ್ನು 1967ರಲ್ಲಿ ತೋರಿಸಿಕೊಟ್ಟರು. ಡಿ.ಡಿ.ಟಿ. ಬಳಕೆಗೆ ಬಂದ ಕಾಲವೂ ಅದೇ. ಮೊಟ್ಟೆ ಕೂಡಿಟ್ಟವರು ತಾರೀಖು ಬರೆಯದಿದ್ದರೆ ಈ ಸಾಕ್ಷ್ಯ ಎಲ್ಲಿಂದ ಸಿಗುತ್ತಿತ್ತು?

ಈಗ ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಮುಂಬಯಿಯ ನಿಸರ್ಗೇತಿಹಾಸ ಸಂಘವು 1911ರಲ್ಲಿ ಸಸ್ತನಿಗಳ ಸಮೀಕ್ಷೆಯನ್ನು ಆರಂಭಿಸಿ ಧಾರವಾಡ, ಕಾರವಾರ, ಕೊಡಗು, ಮೈಸೂರು ಸೀಮೆಗಳಲ್ಲಿಯೂ ಮಾದರಿಗಳನ್ನು ಕೂಡಿಸಿತು. ಅವುಗಳಲ್ಲಿ ಒಂದು ಪಾಲು ಲಂಡನ್ನಿಗೆ ಹೋಯಿತು. ಒಂದು ಪಾಲು ಮುಂಬಯಿಯಲ್ಲಿ ಉಳಿಯಿತು. ಹೀಗೆ ಒಂದೇ ಕಾಡಿನ ಪ್ರಾಣಿಗಳು ಕಡಲಿನ ಆಚೆ ಈಚೆ ಎರಡು ರಿಜಿಸ್ಟರುಗಳಲ್ಲಿ ಹಂಚಿಹೋದವು. ಸಾಲದೆಂಬಂತೆ ಅಂದಿನ ಆಡಳಿತವೇ ಹರಿದು ಹಂಚಿತ್ತು. ಕಾರವಾರದ ಮಾದರಿ ಮುಂಬಯಿ ಪ್ರಾಂತದ್ದು, ಮಂಗಳೂರಿನದು ಮದರಾಸಿನದು, ರಾಯಚೂರಿನದು ಹೈದರಾಬಾದಿನದು, ಕೊಡಗಿನದು ಬೇರೆ. 1956ರಲ್ಲಿ ನಾಡು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರೂ ಬಂತು. ನಮ್ಮ ಹಕ್ಕಿ, ಹಾವು, ಗಿಡಮರಗಳ ದಾಖಲೆಗಳಿಗೆ ಮಾತ್ರ ಇನ್ನೂ ಏಕೀಕರಣವಾಗಿಲ್ಲ.

ಇದಕ್ಕೆ ಸಾಧನಗಳಿಲ್ಲವೆಂದಲ್ಲ. ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲವು 2001ರಲ್ಲಿ ಸ್ಥಾಪನೆಯಾಯಿತು. ಮಾದರಿಯ ಹೆಸರು, ಸ್ಥಳ, ದಿನಾಂಕಗಳನ್ನು ಎಲ್ಲರೂ ಒಂದೇ ಕ್ರಮದಲ್ಲಿ ಬರೆಯಲು "ಡಾರ್ವಿನ್ ಕೋರ್" ಎಂಬ ನಿಯಮಾವಳಿ 2009ರಿಂದ ಇದೆ. ಸುಮಾರು ಎಂಟು ಕೋಟಿ ಮಾದರಿಗಳಿರುವ ಲಂಡನ್ನಿನ ಸಂಗ್ರಹಾಲಯ 2014ರಲ್ಲಿ ತನ್ನ ದಾಖಲೆಗಳನ್ನು ಲೋಕಕ್ಕೆ ತೆರೆಯತೊಡಗಿತು. ಆದರೆ ಇದು ಬರಿಯ ಯಂತ್ರದ ಕೆಲಸವೆಂದು ತಿಳಿಯುವುದು ತಪ್ಪು. "ಮರ್ಕಾರ" ಎಂದರೆ ಮಡಿಕೇರಿ, "ಗೇರ್‌ಸೊಪ್ಪ ಫಾಲ್ಸ್" ಎಂದರೆ ನಮ್ಮ ಜೋಗ ಎಂಬುದನ್ನು ಯಾರಾದರೂ ಹೇಳಿಕೊಡದೆ ಗಣಕಯಂತ್ರ ತಾನಾಗಿ ಅರಿಯಲಾರದು. "ಮೈಸೂರು" ಎಂದಷ್ಟೇ ಬರೆದಿದ್ದರೆ ಅದು ನಗರವೋ ಸಂಸ್ಥಾನವೋ ಎಂದು ನಿರ್ಣಯಿಸಲು ಇತಿಹಾಸ ಬಲ್ಲವನೇ ಬೇಕು. ಕಲಾ ವಿದ್ಯಾರ್ಥಿಗಳಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಆದರೆ ಒಂದು ಎಚ್ಚರಿಕೆ ಅಗತ್ಯ. ಒಂದುಗೂಡಿಸುವುದೆಂದರೆ ಒಂದೇ ಅಚ್ಚಿಗೆ ಎರೆದು ಹಳೆಯದನ್ನು ಅಳಿಸುವುದಲ್ಲ. "ಮರ್ಕಾರ" ಎಂಬುದನ್ನು ತೆಗೆದುಹಾಕಿ "ಮಡಿಕೇರಿ" ಎಂದು ಬರೆದುಬಿಟ್ಟರೆ, ನಾಳೆ ನಮ್ಮ ಊಹೆ ತಪ್ಪೆಂದು ಕಂಡಾಗ ತಿದ್ದಲು ದಾರಿಯಿರದು. ಮೂಲ ಬರಹ ಇದ್ದಂತೆಯೇ ಇರಲಿ. ನಮ್ಮ ಅರ್ಥ ಅದರ ಪಕ್ಕದಲ್ಲಿರಲಿ. ಡಾರ್ವಿನ್ ಕೋರ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಣಗಳಿವೆ.

ಎಲ್ಲವನ್ನೂ ತೆರೆದಿಟ್ಟರೆ ಕಳ್ಳಬೇಟೆಗಾರರಿಗೆ ದಾರಿ ತೋರಿದಂತಾಗದೆ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪಣೆ ನ್ಯಾಯವಾದುದೇ. ಅಪರೂಪದ ಆರ್ಕಿಡ್ಡೋ ಆಮೆಯೋ ಇರುವ ಜಾಗವನ್ನು ಜಿಲ್ಲೆಯ ಮಟ್ಟಕ್ಕೆ ಮಸುಕುಗೊಳಿಸಿ ಪ್ರಕಟಿಸಬಹುದು. ನಿಖರ ವಿವರವನ್ನು ಸಂಶೋಧಕರಿಗಷ್ಟೇ ಕೊಡಬಹುದು. ಬೀಗ ಹಾಕಬೇಕಾದುದು ಕೆಲವು ಪೆಟ್ಟಿಗೆಗಳಿಗೆ, ಇಡೀ ಮನೆಗಲ್ಲ.

ತಡಮಾಡುವುದರಲ್ಲಿ ಇದಕ್ಕಿಂತ ದೊಡ್ಡ ಅಪಾಯವಿದೆ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್ಲಿನ ರಾಷ್ಟ್ರೀಯ ಸಂಗ್ರಹಾಲಯ ಉರಿಯಿತು. ಅಲ್ಲಿ ಸುಮಾರು ಎರಡು ಕೋಟಿ ವಸ್ತುಗಳಿದ್ದವು. ಸುಟ್ಟ ಮಾದರಿಯನ್ನು ಯಾವ ಯಂತ್ರವೂ ಮರಳಿ ಕೊಡದು. ಆದರೆ ಅದರ ಚಿತ್ರ, ಊರು, ತಾರೀಖುಗಳು ಇನ್ನೊಂದೆಡೆ ಇದ್ದರೆ ಅದು ಹೇಳಬೇಕಾದುದರಲ್ಲಿ ಅರ್ಧವಾದರೂ ಉಳಿದೀತು.

ದೊಡ್ಡ ಸಂಸ್ಥೆಗಳ ಕೆಲಸ ದೊಡ್ಡವರು ಮಾಡಲಿ. ನಮ್ಮ ಕೈಲಾಗುವುದೂ ಒಂದಿದೆ. ಜಿಲ್ಲೆಯ ಕಾಲೇಜುಗಳ ಬೀರುಗಳಲ್ಲಿ ಮಾಸುತ್ತಿರುವ ಚೀಟಿಗಳನ್ನು ಈ ಬೇಸಿಗೆ ರಜೆಯಲ್ಲಿ ಹತ್ತು ಜನ ಕುಳಿತು ಓದಿ, ಚಿತ್ರ ತೆಗೆದು, ಒಂದೇ ಪಟ್ಟಿಗೆ ಸೇರಿಸಲಾರೆವೇ? ಮಸಿ ನಮಗಾಗಿ ಕಾಯುವುದಿಲ್ಲ.